ಐತಿಹಾಸಿಕ ಕೋಟೆಗಳ ವೀಕ್ಷಣೆಗೆ ಖಾಸಗಿಯಾಗಿ ಮಾರ್ಗದರ್ಶಿಯನ್ನು ಗೊತ್ತುಪಡಿಸಿಕೊಳ್ಳುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಹಾವೇರಿ ಜಿಲ್ಲೆಯ, ಅದರಲ್ಲಿಯೂ ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ನಾಗರಿಕರು ಕುಟುಂಬ ಸಮೇತರಾಗಿ ಇಲ್ಲವೇ ಶಾಲೆ, ಸಂಘಗಳ ವತಿಯಿಂದ ಕೋಟೆಗಳನ್ನು ವೀಕ್ಷಿಸಲು ತೆರಳುವ ಸಂದರ್ಭದಲ್ಲಿ ತಮಗಾಗಿಯೇ ಪ್ರತ್ಯೇಕ ಮಾರ್ಗದರ್ಶಿಯನ್ನು ನೇಮಿಸಿಕೊಳ್ಳಬಹುದಾಗಿದೆ. ಆದರೆ ಪ್ರವೇಶ ಟಿಕೆಟ್ ಬೇರೆ, ಮಾರ್ಗದರ್ಶಿಯ ಸಂಭಾವನೆ ಬೇರೆ, ಚಿತ್ರೀಕರಣ ಮುಂತಾದವುಗಳಿಗೆ ಪಡೆಯುವ ಅನುಮತಿ ಬೇರೆ ಎಂಬುದನ್ನು ಮೊದಲು ಗಮನಿಸತಕ್ಕದ್ದು. ಈ ಮೂರನ್ನೂ ಒಂದೇ ಎಂದು ಭಾವಿಸಿ ಒಬ್ಬರ ಕೈಗೆ ಹಣ ನೀಡುವುದರಿಂದಲೇ ತಕರಾರುಗಳು ಉದ್ಭವಿಸುತ್ತವೆ.

ಮಾರ್ಗದರ್ಶಿಯ ಅರ್ಹತೆ:
ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಹಾಗೂ ಅದರ ಅಡಿಯಲ್ಲಿ ರಚಿಸಲಾದ 1959ರ ನಿಯಮಗಳು ಅನ್ವಯಿಸುತ್ತವೆ. ಸದರಿ ನಿಯಮಗಳ 8ನೇ ನಿಯಮದ ಪ್ರಕಾರ, ಪುರಾತತ್ವ ಅಧಿಕಾರಿಯು ನೀಡಿದ ಪರವಾನಗಿ ಇಲ್ಲದೆ ಯಾರೊಬ್ಬರೂ ಸಂರಕ್ಷಿತ ಸ್ಮಾರಕದೊಳಗೆ ಹಣ ಪಡೆದು ಸಂದರ್ಶಕರಿಗೆ ಸ್ಥಳ ತೋರಿಸುವಂತಿಲ್ಲ. ಆದುದರಿಂದ ಕೋಟೆಯ ಬಾಗಿಲಲ್ಲಿ "ಬನ್ನಿ ಸಾರ್, ಎಲ್ಲಾ ತೋರಿಸ್ತೀನಿ" ಎಂದು ಮುಂದೆ ಬರುವವರು ಎಷ್ಟೇ ಚೆನ್ನಾಗಿ ಮಾತನಾಡಬಲ್ಲವರಾಗಿದ್ದರೂ ಅವರ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಪರಿಶೀಲಿಸಿ, ಅದು ಯಾರಿಂದ ನೀಡಲ್ಪಟ್ಟಿದೆ, ಅವಧಿ ಮುಗಿದಿಲ್ಲವೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಮಾರ್ಗದರ್ಶಿಗಳ ಬಗ್ಗೆ ಮುಂಚಿತವಾಗಿ ಸಂಬಂಧಪಟ್ಟ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 1363 ಸಹಾಯವಾಣಿಯಿಂದಲೂ ಪ್ರವಾಸಿಗರಿಗೆ ಮಾಹಿತಿ ದೊರೆಯುತ್ತದೆ.

ಸಂಭಾವನೆ ಎಷ್ಟು, ಅದು ಇಡೀ ತಂಡಕ್ಕೋ ತಲೆಗೆ ಇಷ್ಟೆಂದೋ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ, ಮೇಲಿನ ಸುತ್ತುಗಳವರೆಗೂ ಬರುವರೋ ಇಲ್ಲವೋ - ಇವಿಷ್ಟನ್ನು ಹೊರಡುವ ಮುನ್ನವೇ ಇತ್ಯರ್ಥಪಡಿಸಿಕೊಂಡು, ಸಾಧ್ಯವಾದಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳಿತು. ರಸೀದಿ ಕೇಳುವುದು ಯಾರಿಗೂ ಅಗೌರವವಲ್ಲ. ಹಣ ನೀಡಿ ಪಡೆದ ಸೇವೆಯಲ್ಲಿ ನ್ಯೂನತೆ ಉಂಟಾದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಮೇರೆಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದ್ದು, ಅಲ್ಲಿ ಬಾಯಿಮಾತಿಗಿಂತ ಆ ಚೀಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಚಿತ್ರದುರ್ಗದ ಕೋಟೆ:
ರಾಣೆಬೆನ್ನೂರಿನಿಂದ ರಾಷ್ಟ್ರೀಯ ಹೆದ್ದಾರಿಯಲ್ಲಿ ಹರಿಹರ, ದಾವಣಗೆರೆ ಮಾರ್ಗವಾಗಿ ಸುಮಾರು 100 ಕಿ.ಮೀ. ಅಂತರದಲ್ಲಿರುವ ಏಳು ಸುತ್ತಿನ ಈ ಕೋಟೆಯು ಮಾರ್ಗದರ್ಶಿಯೊಡನೆ ನೋಡಲು ಅತ್ಯಂತ ಯೋಗ್ಯವಾದುದು. 2018ರಲ್ಲಿ ಪರಿಷ್ಕೃತವಾದ ದರದಂತೆ ಭಾರತೀಯ ನಾಗರಿಕರಿಗೆ ಪ್ರವೇಶ ಶುಲ್ಕ ರೂ. 25, ಆನ್‌ಲೈನ್ ಮೂಲಕ ಪಡೆದಲ್ಲಿ ರೂ. 20. 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಉದಾಹರಣೆಗೆ ದಂಪತಿಗಳು, ಅಜ್ಜಿ ಹಾಗೂ 12 ಮತ್ತು 9 ವರ್ಷದ ಇಬ್ಬರು ಮಕ್ಕಳು ತೆರಳಿದಲ್ಲಿ ಮೂವರಿಗೆ ಮಾತ್ರ ಟಿಕೆಟ್ ಅವಶ್ಯವಿದ್ದು, ರೂ. 75 ಅಥವಾ ಆನ್‌ಲೈನ್‌ನಲ್ಲಿ ರೂ. 60 ಆಗುತ್ತದೆ. ಇದಕ್ಕಿಂತ ಹೆಚ್ಚಿನ ಮೊತ್ತವನ್ನು "ಟಿಕೆಟ್ ಸೇರಿ" ಎಂದು ಕೇಳಿದಲ್ಲಿ ಲೆಕ್ಕ ಬಿಡಿಸಿ ಕೇಳತಕ್ಕದ್ದು. ಟಿಕೆಟನ್ನು ತಾವೇ ಪಡೆಯುವುದು ಸರಿಯಾದ ಕ್ರಮ.

ಮಾರ್ಗದರ್ಶಿ ಇಲ್ಲದೆ ಹತ್ತಿಳಿದವರು ಓಬವ್ವನ ಕಿಂಡಿ ನೋಡಿದೆವೆಂಬ ತೃಪ್ತಿಯಿಂದ ಹಿಂತಿರುಗುವುದುಂಟು. ಆದರೆ ಬಾಗಿಲುಗಳು ಒಂದರ ನೇರಕ್ಕೆ ಇನ್ನೊಂದಿಲ್ಲದೆ ತಿರುವಿನಲ್ಲಿ ಏಕಿವೆ (ಆನೆಗಳನ್ನು ನುಗ್ಗಿಸಿ ಬಾಗಿಲು ಒಡೆಯಲು ಓಟಕ್ಕೆ ಜಾಗ ಸಿಗಬಾರದೆಂದು), ಮದ್ದು ಅರೆಯುತ್ತಿದ್ದ ಭಾರೀ ಬೀಸುವ ಕಲ್ಲುಗಳು ಎಲ್ಲಿವೆ, ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ಮಳೆನೀರು ಅಕ್ಕತಂಗಿ ಹೊಂಡಕ್ಕೂ ಅಲ್ಲಿಂದ ಕೆಳಗಿನ ಹೊಂಡಗಳಿಗೂ ಹೇಗೆ ಇಳಿಯುತ್ತದೆ ಎಂಬುದನ್ನು ಸ್ಥಳದಲ್ಲಿಯೇ ನಿಲ್ಲಿಸಿ ತೋರಿಸುವವರಿದ್ದರೆ ಮಾತ್ರ ತಿಳಿದೀತು. ಹೈದರಾಲಿಯು 1779ರಲ್ಲಿ ಮದಕರಿ ನಾಯಕರಿಂದ ದುರ್ಗವನ್ನು ವಶಪಡಿಸಿಕೊಳ್ಳುವ ಮುನ್ನ ಅದನ್ನು ಮತ್ತೆ ಮತ್ತೆ ಮುತ್ತಬೇಕಾಗಿ ಬಂದುದಕ್ಕೆ ಕಾರಣವೇನೆಂಬುದು ಈ ನೀರಿನ ವ್ಯವಸ್ಥೆಯನ್ನು ಕಂಡಾಗ ಅರ್ಥವಾಗುತ್ತದೆ. ಬಾಗಿಲುಗಳ ಸಂಖ್ಯೆಯನ್ನು ಒಪ್ಪಿಸುವ ಮಾರ್ಗದರ್ಶಿಗಿಂತ ಹೊಂಡಗಳನ್ನು ತೋರಿಸುವ ಮಾರ್ಗದರ್ಶಿಯೇ ಮೇಲು. ಬಂಡೆ ಕಾಯುವ ಮುನ್ನ, ಬೆಳಗಿನ ವೇಳೆಯಲ್ಲಿಯೇ ಹತ್ತಲು ಆರಂಭಿಸತಕ್ಕದ್ದು. ಕುಡಿಯುವ ನೀರು ಜೊತೆಗಿರಲಿ.

ಬಂಕಾಪುರ:
ಶಿಗ್ಗಾವಿ ತಾಲ್ಲೂಕಿನ ಈ ಕೋಟೆಯ ಆವರಣದಲ್ಲಿ ನಗರೇಶ್ವರ ದೇವಾಲಯ, ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರ ಹಾಗೂ ನವಿಲುಧಾಮ ಇವೆ. ಹೀಗಾಗಿ ಮಾರ್ಗದರ್ಶಿ ಜೊತೆಗಿದ್ದ ಮಾತ್ರಕ್ಕೆ ಎಲ್ಲೆಡೆ ಸಂಚರಿಸಬಹುದೆಂದು ತಿಳಿಯಬಾರದು. ಒಳಗೆ ತೆರಳುವ ಮುನ್ನ ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸುವುದು.

ಐರಣಿ:
ರಾಣೆಬೆನ್ನೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ, ತುಂಗಭದ್ರೆಯ ದಡದಲ್ಲಿರುವ ಐರಣಿಯನ್ನು ಹೊರಗಿನವರು ಬಹುಮಟ್ಟಿಗೆ ಹೊಳೆಮಠದಿಂದಾಗಿ ಬಲ್ಲರು. ಕೋಟೆಯ ವಿಷಯ ತಿಳಿದವರು ಕಡಿಮೆ. 1800ರ ಜೂನ್ ತಿಂಗಳಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ತುಂಗಭದ್ರೆಯನ್ನು ದಾಟಿ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ಐರಣಿಯನ್ನೂ ತದನಂತರ ರಾಣೆಬೆನ್ನೂರನ್ನೂ ವಶಪಡಿಸಿಕೊಂಡಿತು. ಧೋಂಡಿಯಾ ಅದೇ ವರ್ಷದ ಸೆಪ್ಟೆಂಬರ್ 10ರಂದು ಹತನಾದನು. 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಪ್ರಭು ಈ ವೆಲ್ಲೆಸ್ಲಿಯೇ ಎಂಬುದನ್ನು ಶಾಲಾ ಮಕ್ಕಳಿಗೆ ತಿಳಿಸಿದಲ್ಲಿ ಅವರ ಆಸಕ್ತಿ ಹೆಚ್ಚುವುದರಲ್ಲಿ ಸಂಶಯವಿಲ್ಲ.

ಇಂತಹ ಗ್ರಾಮದ ಕೋಟೆಗಳಲ್ಲಿ ಚಿತ್ರದುರ್ಗದ ಮಾದರಿಯ ವ್ಯವಸ್ಥೆಯನ್ನು ನಿರೀಕ್ಷಿಸಲಾಗದು. ಗ್ರಾಮ ಪಂಚಾಯಿತಿ ಕಚೇರಿಯಲ್ಲಿಯೋ ಊರಿನ ಶಾಲೆಯಲ್ಲಿಯೋ ಮುಂಚಿತವಾಗಿ ವಿಚಾರಿಸಿ, ಸ್ಥಳದ ಪರಿಚಯವಿರುವ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಉತ್ತಮ. ಹಳೆಯ ಗೋಡೆಗಳ ಅಕ್ಕಪಕ್ಕದಲ್ಲಿ ಮನೆ, ಹೊಲಗಳಿದ್ದಲ್ಲಿ ಮಾಲೀಕರನ್ನು ಕೇಳಿಯೇ ಮುಂದುವರಿಯತಕ್ಕದ್ದು. ಸಡಿಲಗೊಂಡ ಗೋಡೆಗಳನ್ನು ಹತ್ತಬಾರದು. ಮಳೆಗಾಲದಲ್ಲಿ ಹೊಳೆಗೆ ಇಳಿಯಬಾರದು.

ಅನುಮತಿ ಅಗತ್ಯವಿರುವ ಸಂದರ್ಭಗಳು:
ಸಂರಕ್ಷಿತ ಸ್ಮಾರಕದಲ್ಲಿ ಸಭೆ, ಔತಣಕೂಟ, ಮನರಂಜನಾ ಕಾರ್ಯಕ್ರಮ ನಡೆಸಲು ಪೂರ್ವಾನುಮತಿ ಕಡ್ಡಾಯ. ಚಲನಚಿತ್ರ ಮುಂತಾದ ಚಿತ್ರೀಕರಣಕ್ಕೆ 9ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮದುವೆ ಪೂರ್ವದ ಚಿತ್ರೀಕರಣಕ್ಕೆ ಸಲಕರಣೆಗಳೊಡನೆ ಬರುವವರು ಬಾಗಿಲಲ್ಲಿ ವಾದಿಸುವ ಬದಲು ಮೊದಲೇ ಪುರಾತತ್ವ ಕಚೇರಿಯನ್ನು ಸಂಪರ್ಕಿಸುವುದು. ಈ ಯಾವ ಅನುಮತಿಯನ್ನೂ ಮಾರ್ಗದರ್ಶಿಯು ನೀಡಲಾರನು.

ನಿಧಿಯ ಆಸೆಗೆ ನೆಲ ಅಗೆಯುವುದು, ಕಲ್ಲು ಕೀಳುವುದು, ಗೋಡೆಯ ಮೇಲೆ ಹೆಸರು ಕೆತ್ತುವುದು ಸಂರಕ್ಷಿತ ಸ್ಮಾರಕಗಳಲ್ಲಿ ಶಿಕ್ಷಾರ್ಹ. ಕೇಂದ್ರದ ಸಂರಕ್ಷಿತ ಸ್ಮಾರಕಕ್ಕೆ ಹಾನಿಯುಂಟುಮಾಡಿದಲ್ಲಿ 2 ವರ್ಷಗಳವರೆಗೆ ಕಾರಾಗೃಹವಾಸ, ರೂ. 1 ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ರಾಜ್ಯದ 1961ರ ಕಾಯ್ದೆ ಅನ್ವಯಿಸುತ್ತದೆ. ಜೊತೆಗೆ ಬಂದ ಮಾರ್ಗದರ್ಶಿಯೇ ಇಂತಹ ಕೃತ್ಯಕ್ಕೆ ಪ್ರೇರೇಪಿಸಿದಲ್ಲಿ ಅಥವಾ ರಾತ್ರಿ ವೇಳೆಯಲ್ಲಿ ಕೋಟೆ ತೋರಿಸುವುದಾಗಿ ಹೇಳಿದಲ್ಲಿ ಅವನೊಡನೆ ತೆರಳದೆ, ಸ್ಮಾರಕದ ಕಾವಲು ಸಿಬ್ಬಂದಿಗೆ ಅಥವಾ 112 ಸಂಖ್ಯೆಗೆ ಕರೆ ಮಾಡಿ ಪೊಲೀಸರಿಗೆ ತಿಳಿಸತಕ್ಕದ್ದು.