ಕ್ಯಾರವಾನ್ ಕೊಳ್ಳೋ ಮೊದ್ಲು ಬಾಡಿಗೆ ತಗೊಂಡು ನೋಡಿ: ವರ್ಷಕ್ಕೆ 36 ದಿನದ ಲೆಕ್ಕ ಇಲ್ಲಿದೆ

ಹಾವೇರಿ: ಭರತ ಹುಣ್ಣಿಮೆ ಬಂತಂದ್ರೆ ಉಳವಿ ಚನ್ನಬಸವೇಶ್ವರ ಜಾತ್ರೆಗೆ ಈ ಭಾಗದ ರೈತರು ಚಕ್ಕಡಿ ಹೂಡಿಕೊಂಡು ಹೊರಡೋದು ಹಳೇ ಪದ್ಧತಿ. ರೊಟ್ಟಿ ಬುತ್ತಿ, ಪಾತ್ರೆ, ಹಾಸಿಗೆ, ಎತ್ತಿಗೆ ಮೇವು ಎಲ್ಲಾ ಹೇರಿಕೊಂಡು ದಾರಿಯಲ್ಲೇ ಅಡುಗೆ, ದಾರಿಯಲ್ಲೇ ನಿದ್ದೆ. ಈಗ ಮೊಬೈಲ್‌ನಲ್ಲಿ ಕಾಣೋ ಕ್ಯಾರವಾನ್ ಕೂಡ ಇದೇ ಲೆಕ್ಕದ್ದು. ಎತ್ತಿನ ಬದಲು ಡೀಸೆಲ್ ಎಂಜಿನ್, ಒಳಗೆ ಹಾಸಿಗೆ, ಸಣ್ಣ ಅಡುಗೆಮನೆ, ಶೌಚಾಲಯ, ಎಸಿ.

ಕೇರಳ 2021ರಲ್ಲಿ 'ಕೇರವಾನ್ ಕೇರಳ' ಅಂತ ಪ್ರತ್ಯೇಕ ನೀತಿಯನ್ನೇ ತಂದಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸದ ಪ್ರಸ್ತಾಪ ಇದೆ. ಹೋಟೆಲ್ ರೂಮಿನ ಖರ್ಚಿಲ್ಲ, ಮನೆ ಮಂದಿಯೆಲ್ಲಾ ಒಟ್ಟಿಗೆ ಹೋಗಬಹುದು ಅನ್ನೋ ಆಸೆ ಯಾರಿಗಾದರೂ ಬರೋದೇ. ಆದರೆ 20 ಲಕ್ಷ ರೂಪಾಯಿ ಗಾಡಿಗೆ ಹಾಕೋ ಮೊದಲು ಒಂದು ಸಲ ಬಾಡಿಗೆಗೆ ತಗೊಂಡು ನೋಡೋದು ಯಾಕೆ ಬೇಕು? ಲೆಕ್ಕ ಹಾಕಿದರೆ ಗೊತ್ತಾಗುತ್ತೆ.

ರೊಕ್ಕದ ಲೆಕ್ಕ

ಉದಾಹರಣೆಗೆ ಗಾಡಿ ಬೆಲೆ 20 ಲಕ್ಷ ಅಂತ ಇಟ್ಟುಕೊಳ್ಳಿ. ಕೈಯಿಂದ 5 ಲಕ್ಷ, ಉಳಿದ 15 ಲಕ್ಷ ಸಾಲ. ಶೇ 10ರ ಬಡ್ಡಿ, 5 ವರ್ಷದ ಅವಧಿ ಆದರೆ ತಿಂಗಳ ಕಂತು ಸುಮಾರು 31,870 ರೂಪಾಯಿ. ಐದು ವರ್ಷಕ್ಕೆ ಕಂತೇ 19.12 ಲಕ್ಷ. ಮೊದಲು ಕಟ್ಟಿದ್ದು ಸೇರಿ 24.12 ಲಕ್ಷ.

ವಿಮೆ ಕಂಪನಿಗಳ ಸವಕಳಿ ಪಟ್ಟಿ ಪ್ರಕಾರ 4ರಿಂದ 5 ವರ್ಷದ ವಾಹನಕ್ಕೆ ಶೇ 50ರಷ್ಟು ಬೆಲೆ ಇಳಿಸ್ತಾರೆ. ಅಂದ್ರೆ ಕೊನೆಗೆ 10 ಲಕ್ಷಕ್ಕೆ ಗಾಡಿ ಮಾರಿದರೂ 14.12 ಲಕ್ಷ ಹೋದಂಗೆ. ವಿಮೆ, ತೆರಿಗೆ, ಸರ್ವೀಸ್, ಟೈರ್ ಅಂತ ವರ್ಷಕ್ಕೆ 80 ಸಾವಿರ ಹಿಡಿದರೆ ಇನ್ನೂ 4 ಲಕ್ಷ. ಒಟ್ಟು 18.12 ಲಕ್ಷ, ವರ್ಷಕ್ಕೆ ಸುಮಾರು 3.62 ಲಕ್ಷ.

ಬಾಡಿಗೆ ದಿನಕ್ಕೆ 10 ಸಾವಿರ ಅಂತ ಹಿಡಿದರೆ ಇದೇ ರೊಕ್ಕಕ್ಕೆ ವರ್ಷದಲ್ಲಿ 36 ದಿನ ಬಾಡಿಗೆ ಗಾಡಿಯಲ್ಲಿ ತಿರುಗಬಹುದು. ಡೀಸೆಲ್, ಟೋಲ್ ಎರಡಕ್ಕೂ ಅಷ್ಟೇ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ವರ್ಷಕ್ಕೆ 36 ದಿನ ಅಂಗಡಿ ಬಿಟ್ಟು ಹೋಗೋಕೆ ಆಗುತ್ತಾ? ನಿಮ್ಮ ಗಾಡಿ ಬೆಲೆ, ಬಡ್ಡಿ, ಬಾಡಿಗೆ ಹಾಕಿ ಇದೇ ಲೆಕ್ಕ ಮತ್ತೊಮ್ಮೆ ಮಾಡಿ.

ಬಿಡುವು ಯಾವಾಗ?

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಜನವರಿಯಿಂದ ಏಪ್ರಿಲ್‌ವರೆಗೆ ತಲೆ ಎತ್ತೋಕೆ ಪುರಸೊತ್ತಿಲ್ಲ. ರಾಣೆಬೆನ್ನೂರಿನ ಬೀಜದ ಅಂಗಡಿಗಳಿಗೆ ಮುಂಗಾರಿನ ಮೊದಲಿನ ವಾರಗಳೇ ಸೀಸನ್. ಬಟ್ಟೆ ಅಂಗಡಿಗೆ ಮದುವೆ ಹಂಗಾಮು, ದಸರಾ, ದೀಪಾವಳಿ. ಮಕ್ಕಳಿಗೆ ರಜೆ ಇರೋದೂ ಬೇಸಿಗೆ ಮತ್ತು ದಸರಾಕ್ಕೇ. ಹೀಗಾಗಿ ಬಹಳ ಮಂದಿಗೆ 10-12 ದಿನ ಸಿಕ್ಕರೆ ದೊಡ್ಡದು. 12 ದಿನಕ್ಕೆ ಬಾಡಿಗೆ 1.2 ಲಕ್ಷದಲ್ಲಿ ಮುಗಿಯುತ್ತೆ. ಸ್ವಂತ ಗಾಡಿ ಆದರೆ ಉಳಿದ 353 ದಿನ ಮನೆ ಮುಂದೆ ನಿಂತೇ ಇರುತ್ತೆ, ಕಂತು ಮಾತ್ರ ನಿಲ್ಲೋದಿಲ್ಲ.

ಬಾಡಿಗೆಗೆ ದುಡಿಸಿದರೆ?

'ನಾವು ಹೋಗದಾಗ ಬಾಡಿಗೆಗೆ ಬಿಟ್ಟರಾಯ್ತು' ಅನ್ನೋ ಯೋಚನೆ ಇದ್ದರೆ ಹುಷಾರು. ಬಿಳಿ ನಂಬರ್ ಪ್ಲೇಟಿನ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸೋ ಹಾಗಿಲ್ಲ. ಅಪಘಾತ ಆದರೆ ವಿಮೆ ಕ್ಲೇಮ್‌ಗೂ ತೊಂದರೆ. ಚಾಲಕನ ಸಮೇತ ಬಾಡಿಗೆಗೆ ಬಿಡೋ ವಾಹನಕ್ಕೆ ಹಳದಿ ಪ್ಲೇಟ್ ಇರುತ್ತೆ. ತಾವೇ ಓಡಿಸಿಕೊಂಡು ಹೋಗೋ ಬಾಡಿಗೆ ವಾಹನಕ್ಕೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ. ಬಾಡಿಗೆಗೆ ತಗೊಳ್ಳುವಾಗಲೂ ಇದನ್ನು ಮೊದಲು ನೋಡಿ.

ಹಳೇ ಟಿಟಿ ತಂದು ಮಾಡಿಸೋದು

ಹಳೇ ಟೆಂಪೋ ಟ್ರಾವೆಲರ್ ತಂದು ಬಾಡಿ ಕಟ್ಟೋರ ಹತ್ರ ಕ್ಯಾರವಾನ್ ಮಾಡಿಸಿದರೆ ಅಗ್ಗ ಅಂತ ಅನಿಸಬಹುದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ, ಆರ್‌ಸಿಯಲ್ಲಿ ಇರೋ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಕ್ಯಾರವಾನ್‌ಗೆ ಎಐಎಸ್-124 ಅನ್ನೋ ಸುರಕ್ಷತಾ ಮಾನದಂಡವೇ ಬೇರೆ ಇದೆ. ಹಾಗಾಗಿ ಮುಂಗಡ ಕೊಡೋ ಮೊದಲು ಹಾವೇರಿಯ ಆರ್‌ಟಿಒ (ಕೆಎ-27) ಅಥವಾ ರಾಣೆಬೆನ್ನೂರಿನ ಕಚೇರಿಯಲ್ಲಿ (ಕೆಎ-68) ನೋಂದಣಿ ಆಗುತ್ತಾ, ತೆರಿಗೆ ಎಷ್ಟು ಅಂತ ಕೇಳಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಆರ್‌ಸಿಯಲ್ಲಿ ವಾಹನದ ವರ್ಗ 'ಕ್ಯಾಂಪರ್ ವ್ಯಾನ್' ಅಂತ ಇದೆಯಾ ನೋಡಿ.

ಲೈಸೆನ್ಸ್ ವಿಷಯದಲ್ಲಿ ಚಿಂತೆ ಕಡಿಮೆ. ಒಟ್ಟು ತೂಕ 7,500 ಕೆಜಿ ಒಳಗಿದ್ದರೆ ಎಲ್‌ಎಂವಿ ಲೈಸೆನ್ಸ್ ಸಾಕು. ಆ ಮಿತಿಯೊಳಗಿನ ಸಾರಿಗೆ ವಾಹನಕ್ಕೂ ಅದು ನಡೆಯುತ್ತೆ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ.

ಬಾಡಿಗೆ ಗಾಡಿಯಲ್ಲಿ ಏನೇನು ನೋಡಬೇಕು?

* ಕನಿಷ್ಠ ಎರಡು ರಾತ್ರಿ ಒಳಗೆ ಮಲಗಿ. ಮೊದಲ ರಾತ್ರಿ ಹುರುಪಲ್ಲೇ ಹೋಗುತ್ತೆ, ಕಷ್ಟ ತಿಳಿಯೋದು ಎರಡನೇ ದಿನ.
* ವಯಸ್ಸಾದವರನ್ನೂ ಕರ್ಕೊಂಡು ಹೋಗಿ. ಮೆಟ್ಟಿಲು ಹತ್ತೋಕೆ, ಸಣ್ಣ ಶೌಚಾಲಯ ಬಳಸೋಕೆ ಅವರಿಗೆ ಆಗುತ್ತಾ ನೋಡಿ.
* ಬೇಸಿಗೆಯಲ್ಲೇ ತಗೊಳ್ಳಿ. ಎಂಜಿನ್ ಬಂದ್ ಮಾಡಿ ರಾತ್ರಿಯಿಡೀ ಎಸಿ ಹಾಕಬೇಕಂದ್ರೆ ಹೊರಗಿನ ಕರೆಂಟ್ ಅಥವಾ ದೊಡ್ಡ ಬ್ಯಾಟರಿ ಬೇಕು.
* ನೀರಿನ ಟ್ಯಾಂಕ್ ತುಂಬಿಸೋದು, ಕೊಳಚೆ ಟ್ಯಾಂಕ್ ಖಾಲಿ ಮಾಡೋದು ನೀವೇ ಮಾಡಿ ನೋಡಿ. ಕೊಳಚೆ ಎಲ್ಲಿ ಬಿಡಬೇಕು ಅಂತ ಮಾಲೀಕರ ಹತ್ರ ಮೊದಲೇ ಕೇಳಿ. ಕೆರೆ, ಹೊಳೆಗೆ ಬಿಡಬೇಡಿ.
* ಶಿರಸಿ ಕಡೆಯ ಘಟ್ಟದ ರಸ್ತೆಯಲ್ಲಿ ಒಮ್ಮೆ ಓಡಿಸಿ. ಹೆದ್ದಾರಿಯಲ್ಲಿ ಸಲೀಸಾಗಿ ಹೋಗೋ ಎತ್ತರದ ಗಾಡಿ ತಿರುವಿನಲ್ಲಿ ವಾಲುತ್ತೆ.
* ವಾಪಸ್ ಕೊಡೋ ಮೊದಲು ನಿಮ್ಮ ಓಣಿಗೆ ತನ್ನಿ. ತಗ್ಗಿನಲ್ಲಿರೋ ಕರೆಂಟ್ ವೈರ್, ಗಟಾರ, ತಿರುವು ದಾಟಿ ಮನೆ ಮುಂದೆ ನಿಲ್ಲುತ್ತಾ?

ಗಾಡಿ ಬೆಂಗಳೂರಿನದಾದರೆ ಹಾವೇರಿಗೆ ತರಿಸೋ ಬದಲು ರೈಲಿನಲ್ಲಿ ಅಲ್ಲಿಗೆ ಹೋಗಿ ಪ್ರವಾಸ ಶುರು ಮಾಡೋದು ಮೇಲು. ಇಲ್ಲಾಂದ್ರೆ ಹೋಗಿ ಬರೋ 670 ಕಿ.ಮೀ. ಡೀಸೆಲ್ಲು, ಟೋಲ್ ನಿಮ್ಮ ತಲೆ ಮೇಲೆ. ಆದರೆ ಓಣಿಯಲ್ಲಿ ನಿಲ್ಲಿಸಿ ನೋಡೋ ಪರೀಕ್ಷೆ ತಪ್ಪುತ್ತೆ. ಆಗ ಗಾಡಿಯ ಉದ್ದ, ಅಗಲ, ಎತ್ತರ ಬರಕೊಂಡು ಬಂದು ಟೇಪ್ ಹಿಡಿದು ಅಳೀರಿ. ದಿನದ ಕಿ.ಮೀ. ಮಿತಿ, ಹೆಚ್ಚಾದರೆ ದರ, ಡೆಪಾಸಿಟ್, ಚಾಲಕನ ಬಾಟಾ, ಕೆಟ್ಟು ನಿಂತರೆ ಯಾರ ಜವಾಬ್ದಾರಿ ಅನ್ನೋದನ್ನ ಬರವಣಿಗೆಯಲ್ಲಿ ತಗೊಳ್ಳಿ. ಹೊರಡೋ ಮೊದಲು ಗಾಡಿ ಸುತ್ತ ವಿಡಿಯೊ ಮಾಡಿಟ್ಟುಕೊಳ್ಳಿ. ಬಂಡೀಪುರ ಕಡೆ ಹೋಗೋರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್ ಇರುತ್ತೆ ಅನ್ನೋದು ನೆನಪಿಡಿ.

ಎರಡು ಬೇರೆ ಸೀಸನ್‌ನಲ್ಲಿ ಎರಡು ಸಲ ಬಾಡಿಗೆಗೆ ಹೋಗಿ ಬಂದ ಮೇಲೂ ಮನೆ ಮಂದಿ 'ಮತ್ತೆ ಯಾವಾಗ' ಅಂತ ಕೇಳಿದರೆ, ವರ್ಷಕ್ಕೆ ಅಷ್ಟು ದಿನ ಬಿಡುವೂ ಇದ್ದರೆ ಆಗ ಬ್ಯಾಂಕಿಗೆ ಹೋಗಿ. ಬೇಡ ಅನಿಸಿದರೆ ಹೋಗಿದ್ದು ನಾಲ್ಕೈದು ದಿನದ ಬಾಡಿಗೆ, ಉಳಿದಿದ್ದು ಐದು ವರ್ಷದ ಕಂತು.