ಅಣು ವಿದ್ಯುತ್ ಸ್ಥಾವರಗಳ ನಿರ್ಮಾಣ ಸಾಮಗ್ರಿಗಳ ನಿಯಂತ್ರಣ

ಅಣು ವಿದ್ಯುತ್ ಸ್ಥಾವರವನ್ನು ಕಟ್ಟಲು ಬಳಸುವ ಸಿಮೆಂಟು, ಜಲ್ಲಿ, ಮರಳು, ನೀರು, ಉಕ್ಕಿನ ಸರಳು ಮೊದಲಾದವುಗಳ ಗುಣಮಟ್ಟವನ್ನು ನಿಗದಿಪಡಿಸಿ, ಪರೀಕ್ಷಿಸಿ, ದಾಖಲಿಸುವ ವ್ಯವಸ್ಥೆಯನ್ನು ನಿರ್ಮಾಣ ಸಾಮಗ್ರಿಗಳ ನಿಯಂತ್ರಣ ಎನ್ನುತ್ತಾರೆ. ಭಾರತದಲ್ಲಿ ಇದರ ಮೇಲ್ವಿಚಾರಣೆಯ ಹೊಣೆ 1983ರ ನವೆಂಬರ್ 15ರಂದು ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಕರ್ನಾಟಕದಲ್ಲಿ ಈ ನಿಯಂತ್ರಣಕ್ಕೆ ಒಳಪಟ್ಟ ಅಣು ವಿದ್ಯುತ್ ಸ್ಥಾವರವು ಹುಬ್ಬಳ್ಳಿ-ಧಾರವಾಡದ ನೈರುತ್ಯಕ್ಕೆ, ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಡದಲ್ಲಿರುವ ಕೈಗಾದಲ್ಲಿದೆ.

ಸಾಮಗ್ರಿಗಳ ಪರೀಕ್ಷೆ

ಅಪಘಾತವಾದಾಗ ವಿಕಿರಣಶೀಲ ವಸ್ತುಗಳು ಹೊರಬೀಳದಂತೆ ತಡೆಯುವ ಕೊನೆಯ ಗೋಡೆ ಕಾಂಕ್ರೀಟಿನದು. ಕೈಗಾದಲ್ಲಿ ಇಂಥ ಆವರಣಗಳು ಎರಡು: ಒಳಗಿನದು ಬಿಗಿದೆಳೆದ ಉಕ್ಕಿನ ಕೇಬಲ್‌ಗಳಿರುವ ಪೂರ್ವಪ್ರತಿಬಲಿತ ಕಾಂಕ್ರೀಟು, ಹೊರಗಿನದು ಸರಳುಗಳಿಂದ ಬಲಪಡಿಸಿದ ಕಾಂಕ್ರೀಟು. ಜಲ್ಲಿಯಲ್ಲಿನ ಕೆಲವು ಖನಿಜಗಳು ಸಿಮೆಂಟಿನ ಕ್ಷಾರದೊಡನೆ ವರ್ತಿಸಿ ವರ್ಷಗಳ ನಂತರ ಬಿರುಕು ತರಬಲ್ಲವು. ನೀರಿನಲ್ಲಿ ಕ್ಲೋರೈಡ್ ಹೆಚ್ಚಾದರೆ ಸರಳು ತುಕ್ಕು ಹಿಡಿಯುತ್ತದೆ. ಆದ್ದರಿಂದ ಇವೆಲ್ಲವನ್ನೂ ಬಳಕೆಗೆ ಮುನ್ನವೇ ಪರೀಕ್ಷಿಸಲಾಗುತ್ತದೆ. ಕಲಸಿದ ಕಾಂಕ್ರೀಟಿನಿಂದ 150 ಮಿಲಿಮೀಟರ್ ಅಂಚಿನ ಘನಗಳನ್ನು ಎರಕ ಹೊಯ್ದು, 28 ದಿನಗಳ ಬಳಿಕ ಯಂತ್ರದಲ್ಲಿ ಒತ್ತಿ ಒಡೆದು ಅವುಗಳ ಬಲವನ್ನು ಅಳೆಯುತ್ತಾರೆ. ಮನೆ ಕಟ್ಟುವವರಿಗೂ ಈ ಪರೀಕ್ಷೆ ಹೊಸತಲ್ಲ. ಅಣುಸ್ಥಾವರದಲ್ಲಿ ವಿಶೇಷವಾದುದು ದಾಖಲೆ: ಯಾವ ಭಾಗಕ್ಕೆ ಯಾವ ದಿನದ ಕಾಂಕ್ರೀಟು ಬಿದ್ದಿತೆಂಬುದನ್ನು ಅನಂತರವೂ ಪತ್ತೆಹಚ್ಚುವಂತಿರಬೇಕು.

1994ರ ಗುಮ್ಮಟ ಕುಸಿತ

ಘನ ಪರೀಕ್ಷೆಯೊಂದೇ ಸಾಲದೆಂಬುದನ್ನು ಕೈಗಾ ತೋರಿಸಿತು. 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ತಳಮೈಯಿಂದ ಸುಮಾರು 130 ಟನ್ ಕಾಂಕ್ರೀಟು ಪದರವಾಗಿ ಕಳಚಿ ಬಿದ್ದಿತು. ಕಾರ್ಮಿಕರು ಗಾಯಗೊಂಡರು. ಅಣು ಇಂಧನವನ್ನು ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ.

ತನಿಖೆಯು ಮುಖ್ಯ ದೋಷವನ್ನು ವಿನ್ಯಾಸದಲ್ಲಿ ಗುರುತಿಸಿತು. ಬಾಗಿದ ಗುಮ್ಮಟದೊಳಗೆ ಕೇಬಲ್‌ಗಳನ್ನು ಎಳೆದು ಬಿಗಿದಾಗ ಕಾಂಕ್ರೀಟಿನ ದಪ್ಪದ ದಿಕ್ಕಿನಲ್ಲಿ ಪದರಗಳನ್ನು ಬೇರ್ಪಡಿಸುವ ಸೆಳೆತ ಹುಟ್ಟುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳಿಕೊಳ್ಳುವಷ್ಟು ಸೆಳೆತವನ್ನು ತಾಳದು. ಅದನ್ನು ಎದುರಿಸಲು ಆ ದಿಕ್ಕಿನಲ್ಲಿ ಇರಬೇಕಾದ ಅಡ್ಡಸರಳುಗಳು ಸಾಕಷ್ಟಿರಲಿಲ್ಲ. ಒತ್ತಿ ಒಡೆಯುವ ಘನ ಪರೀಕ್ಷೆ ಈ ಕೊರತೆಯನ್ನು ತೋರಿಸಲಾರದು.

ಅದೇ ಮಾದರಿಯ ಗುಮ್ಮಟವಿದ್ದ ರಾಜಸ್ಥಾನದ ರಾವತಭಾಟಾದ ಘಟಕಗಳ ಕೆಲಸವೂ ನಿಂತಿತು. ಮರುವಿನ್ಯಾಸದಲ್ಲಿ ಅಡ್ಡಸರಳುಗಳನ್ನು ಸೇರಿಸಿ, ಸಿಲಿಕಾ ಧೂಳು ಬೆರೆಸಿದ ಎಂ-60 ದರ್ಜೆಯ ಕಾಂಕ್ರೀಟನ್ನು ಬಳಸಲಾಯಿತು. 28 ದಿನಗಳಲ್ಲಿ ಪ್ರತಿ ಚದರ ಮಿಲಿಮೀಟರಿಗೆ 60 ನ್ಯೂಟನ್ ಒತ್ತಡ ತಾಳಬಲ್ಲುದು ಎಂಬುದು ಆ ಹೆಸರಿನ ಅರ್ಥ. ಮುಂದೆ ಮಂಡಳಿಯು ಸುರಕ್ಷತೆಗೆ ಸಂಬಂಧಿಸಿದ ಕಟ್ಟಡಗಳ ವಿನ್ಯಾಸಕ್ಕೂ ಸಾಮಗ್ರಿಗಳಿಗೂ ಪ್ರತ್ಯೇಕ ಮಾನಕಗಳನ್ನು ಪ್ರಕಟಿಸಿತು.

ಗುಮ್ಮಟವನ್ನು ಮತ್ತೆ ಕಟ್ಟಬೇಕಾಗಿ ಬಂದುದರಿಂದ ಸಂಖ್ಯೆಯ ಕ್ರಮವೇ ತಲೆಕೆಳಗಾಯಿತು: ಎರಡನೆಯ ಘಟಕ 2000ದ ಮಾರ್ಚ್‌ನಲ್ಲಿ, ಒಂದನೆಯದು ಅದೇ ವರ್ಷದ ನವೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನಗಳ ಕಾಲ ಎಡೆಬಿಡದೆ ಚಾಲನೆಯಲ್ಲಿದ್ದು ಅಂದಿನ ವಿಶ್ವದಾಖಲೆ ಸ್ಥಾಪಿಸಿತು.