ರಕ್ತ ನಿಂತಮೇಲೂ ಮೆದುಳು ಯಾಕೆ ಸುಡುತ್ತೆ?

ಮೆದುಳಲ್ಲಿ ರಕ್ತನಾಳ ಒಡೀತು.
ರಕ್ತ ಸುರಿಯೋದು ನಿಂತೂ ಹೋಯ್ತು.
ಆದ್ರೂ ಹಾನಿ ದಿನಗಟ್ಟಲೆ ಮುಂದುವರಿಯುತ್ತೆ.
ಯಾಕೆ ಗೊತ್ತಾ?

ಹೈದರಾಬಾದಿನ ಲಾಡ್ ಬಜಾರ್ ನೆನಪಿಸ್ಕೊಳ್ಳಿ.
ಅರಗಿನ ಬಳೆ ಮಾಡೋರ ಮುಂದೆ ಕೆಂಡದ ಒಲೆ.
ಕೆಂಡ ಒಲೆಯೊಳಗಿದ್ರೆ, ಬಳೆ.
ಚಾಪೆ ಮೇಲೆ ಉರುಳಿದ್ರೆ?
ಅಂಗಡಿನೇ ಸುಡುತ್ತೆ.

ನಮ್ಮ ರಕ್ತದ ಕಬ್ಬಿಣವೂ ಹಾಗೇ.
ಹಿಮೋಗ್ಲೋಬಿನ್ ಒಳಗಿದ್ರೆ ಆಮ್ಲಜನಕ ಹೊರುತ್ತೆ.
ಚೆಲ್ಲಿದ ರಕ್ತ ಒಡೆದು ಕಬ್ಬಿಣ ಹೊರಬಿದ್ರೆ,
ಕಿಡಿ ಕಾರುತ್ತೆ.
ಆ ಕಿಡಿಗಳೇ ಫ್ರೀ ರಾಡಿಕಲ್ಸ್.
ನರಕೋಶದ ಹೊದಿಕೆ ಹಾಳಾಗುತ್ತೆ,
ಡಿಎನ್‌ಎ ತುಂಡಾಗುತ್ತೆ.

ಈ ಕಬ್ಬಿಣದ ಕೆಂಡ ಎತ್ತೋ ಇಕ್ಕಳ ಇದೆಯಾ?
ಇದೆ. ಡೆಫೆರಾಕ್ಸಮಿನ್.
ಥಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆ ಇರೋ ಮಕ್ಕಳಿಗೆ ಕೊಡೋ ಹಳೇ ಔಷಧಿ.
ಮೆದುಳಿನ ರಕ್ತಸ್ರಾವದ ರೋಗಿಗಳಿಗೂ ಕೊಟ್ಟು ನೋಡಿದ್ರು.
2019ರಲ್ಲಿ ಫಲಿತಾಂಶ ಬಂತು.
90 ದಿನದ ಹೊತ್ತಿಗೆ, ಅಂದ್ಕೊಂಡಷ್ಟು ಗುಣ ಕಾಣಲಿಲ್ಲ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಸಂಶೋಧನೆ ಮಾಡಿ
ಅಮೆರಿಕದ ಹ್ಯೂಸ್ಟನ್‌ಗೆ ಹೋದವರು ಮುರಳೀಧರ ಹೆಗ್ಡೆ.
ಅವರು, ವಿಜ್ಞಾನಿ ಥಾಮಸ್ ಕೆಂಟ್ ಮತ್ತು ಜೊತೆಗಾರರು
ಇಕ್ಕಳದ ಜೊತೆ ಕಿಡಿ ಆರಿಸೋ
ಸೂಕ್ಷ್ಮ ಇಂಗಾಲದ ಕಣವನ್ನೂ ಜೋಡಿಸಿದ್ರು.
2020ರಲ್ಲಿ ವರದಿ ಬಂತು.
ಇಲಿಗಳ ಮೆದುಳಲ್ಲಿ ಡಿಎನ್‌ಎ ಹಾನಿ ಕಡಿಮೆಯಾಗಿತ್ತು.
ನನಗಂತೂ ಇದರ ಮೇಲೆ ತುಂಬಾ ಆಸೆ.
ಆದ್ರೆ ಇದಿನ್ನೂ ಆಸ್ಪತ್ರೆಗೆ ಬಂದಿಲ್ಲ.
ಅಂಗಡಿಯ ಆಂಟಿಆಕ್ಸಿಡೆಂಟ್ ಮಾತ್ರೆ ಇದಕ್ಕೆ ಬದಲಿ ಅಲ್ಲ.

ಬೀದರ್, ಕಲಬುರಗಿ, ರಾಯಚೂರಿನವರೇ,
ಪಾರ್ಶ್ವವಾಯು ಚಿಕಿತ್ಸೆಗೆ ಅಂತ ಹೈದರಾಬಾದಿಗೆ ಹೊರಡೋ ಮುಂಚೆ ಇದು ಕೇಳಿ.
ಬಾಯಿ ಸೊಟ್ಟಗಾಯ್ತಾ? ಕೈ ಬಿದ್ದುಹೋಯ್ತಾ? ಮಾತು ತೊದಲ್ತಾ?
ಮನೇಲಿ ಆಸ್ಪಿರಿನ್ ಕೊಡಬೇಡಿ.
ಒಳಗೆ ರಕ್ತ ಹೆಪ್ಪುಗಟ್ಟಿದ್ಯೋ, ಸೋರ್ತಿದ್ಯೋ,
ಸ್ಕ್ಯಾನ್ ಮಾಡದೆ ಗೊತ್ತಾಗಲ್ಲ.
2005ರಲ್ಲಿ ಹೈದರಾಬಾದಲ್ಲೇ ಶುರುವಾದ 108ಕ್ಕೆ ಫೋನ್ ಮಾಡಿ.
ಸ್ಕ್ಯಾನ್ ಇರೋ ಹತ್ತಿರದ ಆಸ್ಪತ್ರೆಗೇ ಮೊದಲು ಹೋಗಿ.